ಬರಿಗೈಯ ದಿನವನ್ನೂ ಬರೆದಿಡಿ

1946ರ ಮಾರ್ಚ್ ತಿಂಗಳಲ್ಲಿ ಮೈಸೂರು ಸೀಮೆಯ ಕಬಿನಿ ಹೊಳೆಯಲ್ಲಿ ಒಂದು ಮೀನು ಗಾಳಕ್ಕೆ ಬಿತ್ತು. ಹಿಡಿದವರು ಮೈಸೂರಿನ ವ್ಯಾನ್ ಇಂಗೆನ್ ಮನೆತನದವರು. ಬೇಟೆಯಾಡಿದ ಹುಲಿ, ಚಿರತೆಗಳನ್ನು ಜೀವಂತವಿದ್ದಂತೆ ಕಾಣಿಸುವ ಹಾಗೆ ಹದ ಮಾಡಿ ನಿಲ್ಲಿಸುವ ಕೆಲಸದಲ್ಲಿ ಹೆಸರಾದ ಮನೆತನ ಅದು. ಮೀನನ್ನು ತೂಗಿದಾಗ 120 ಪೌಂಡು, ಅಂದರೆ 54 ಕಿಲೋಗಿಂತ ಹೆಚ್ಚು ಬಂತು. ಅದು ಮಹಶೀರ್, ಕಾವೇರಿ ದಂಡೆಯವರ ಬಾಯಲ್ಲಿ ಬಿಳಿಮೀನು. ಗಾಳದಲ್ಲಿ ಸಿಕ್ಕ ಮಹಶೀರ್‌ಗಳಲ್ಲಿ ಅತಿ ದೊಡ್ಡದೆಂದು ಇವತ್ತಿಗೂ ಅದನ್ನೇ ಹೇಳುತ್ತಾರೆ.

ಇಂಥ ದಾಖಲೆ ಓದಿದಾಗ ಯಾರಿಗಾದರೂ ಮೈ ಜುಮ್ಮೆನ್ನುತ್ತದೆ. ಆದರೆ ಮೂವತ್ತಕ್ಕೂ ಹೆಚ್ಚು ವರ್ಷ ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ನನ್ನಂಥವನ ತಲೆಯಲ್ಲಿ ಬೇರೆ ಪ್ರಶ್ನೆಗಳು ಏಳುತ್ತವೆ. ಆ ಒಂದು ಮೀನಿಗಾಗಿ ಎಷ್ಟು ದಿನ ಕಾದರು? ಆ ವರ್ಷ ಆ ಹೊಳೆಯಲ್ಲಿ ಗಾಳ ಹಾಕಿದವರೆಲ್ಲ ಸೇರಿ ಎಷ್ಟು ಮೀನು ಹಿಡಿದರು? ಅವುಗಳಲ್ಲಿ ಮರಿಗಳೆಷ್ಟು? ಒಂದು ದೊಡ್ಡ ಮೀನಿನ ತೂಕದಲ್ಲಿ ಇದಕ್ಕೆ ಉತ್ತರವಿಲ್ಲ. ಊರಿನ ಅತಿ ದೊಡ್ಡ ಠೇವಣಿದಾರ ಯಾರೆಂದು ಗೊತ್ತಾದ ಮಾತ್ರಕ್ಕೆ ಆ ಊರು ಬಡವೋ ಶ್ರೀಮಂತವೋ ಎಂದು ಹೇಳಲಾದೀತೆ?

ಅದನ್ನು ಹೇಳಬೇಕಾದರೆ ದಿನವಹಿ ಬೇಕು. ಹೊಳೆಗೂ ಅಷ್ಟೇ. ಹೊಳೆಯ ದಿನವಹಿ ಎಂದರೆ ಮೀನು ಹಿಡಿಯುವವರು ಬರೆದಿಟ್ಟ ಪುಸ್ತಕ.

ಗಾಳಿಬೋರೆಯ ಲೆಕ್ಕ

ಮೀನು ಹಿಡಿಯುವುದನ್ನು ಬರೆದಿಡುವ ಅಭ್ಯಾಸ ನಮ್ಮ ನಾಡಿಗೆ ಹೊಸದೇನಲ್ಲ. ಬ್ರಿಟಿಷರ ಕಾಲದಲ್ಲಿ ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಎಚ್. ಎಸ್. ಥಾಮಸ್ ಎಂಬವರು ಭಾರತದ ಹೊಳೆಗಳಲ್ಲಿ ಗಾಳ ಹಾಕುವ ಬಗ್ಗೆ ‘ದಿ ರಾಡ್ ಇನ್ ಇಂಡಿಯಾ’ ಎಂಬ ದಪ್ಪ ಪುಸ್ತಕವನ್ನೇ ಬರೆದರು. ಅದು 1873ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಆದರೆ ನಾನು ಹೇಳಹೊರಟಿರುವುದು ಅದಕ್ಕಿಂತ ಬಹಳ ಈಚಿನ, ಅಚ್ಚಾಗದ ಒಂದು ಲೆಕ್ಕದ ಕಥೆ.

ಕನಕಪುರ ದಾಟಿ ಸಂಗಮಕ್ಕೆ ಹೋದರೆ, ಅಲ್ಲಿಂದ ಮುಂದೆ ಕಾವೇರಿಯ ದಂಡೆಯ ಕಾಡಿನಲ್ಲಿ ಗಾಳಿಬೋರೆ ಎಂಬ ಜಾಗವಿದೆ. ಅಲ್ಲಿ ಗಾಳ ಹಾಕುವವರಿಗಾಗಿ ಒಂದು ಶಿಬಿರವಿತ್ತು. ದೇಶ ವಿದೇಶಗಳಿಂದ ಜನ ಬರುತ್ತಿದ್ದರು. ರಾಗಿ ಹಿಟ್ಟು ಬೇಯಿಸಿ ಕಟ್ಟಿದ ಉಂಡೆಯನ್ನು ಗಾಳಕ್ಕೆ ಸಿಕ್ಕಿಸಿ ನೀರಿಗೆ ಎಸೆದು ಕೂರುತ್ತಿದ್ದರು. ಮೀನು ಸಿಕ್ಕರೆ ತೂಗಿ, ಫೋಟೋ ತೆಗೆದು, ಮತ್ತೆ ನೀರಿಗೇ ಬಿಡಬೇಕು. ಇದು ಅಲ್ಲಿನ ನಿಯಮ. ಹೊಳೆಯ ಮಡು, ಬಂಡೆ, ಸುಳಿಗಳನ್ನೆಲ್ಲ ಬಲ್ಲ ಸ್ಥಳೀಯರೇ ಅವರಿಗೆ ದಾರಿ ತೋರುತ್ತಿದ್ದರು.

ಅಲ್ಲಿ ಇನ್ನೊಂದು ಪದ್ಧತಿಯೂ ಇತ್ತು. ಯಾರು ಎಷ್ಟು ಹೊತ್ತು ಗಾಳ ಹಾಕಿದರು, ಯಾವ ಮೀನು ಸಿಕ್ಕಿತು, ತೂಕವೆಷ್ಟು ಎಂದು ಬರೆದಿಡುವುದು. 1998ರಿಂದ 2012ರವರೆಗಿನ ಈ ಬರಹಗಳನ್ನು ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ರಾಬರ್ಟ್ ಬ್ರಿಟನ್ ಎಂಬ ವಿಜ್ಞಾನಿಗಳು ಕೂಡಿಸಿ, ಭಾಗಿಸಿ ನೋಡಿದರು. 2015ರಲ್ಲಿ ತಮ್ಮ ಲೆಕ್ಕವನ್ನು ಪ್ರಕಟಿಸಿದರು. ಗಾಳ ಹಾಕಿ ಕುಳಿತ ಹೊತ್ತು ಒಟ್ಟು 23,620 ಗಂಟೆ. ಸಿಕ್ಕ ಮಹಶೀರ್‌ಗಳು 6,161. ಅತಿ ಸಣ್ಣದು ಅರ್ಧ ಕಿಲೋಗೂ ಕಡಿಮೆ. ಅತಿ ದೊಡ್ಡದು 46.8 ಕಿಲೋ.

ಮಕ್ಕಳೇ, ಪೆನ್ಸಿಲ್ ತೆಗೆದುಕೊಂಡು ನೀವೇ ಭಾಗಿಸಿ. 23,620ನ್ನು 6,161ರಿಂದ ಭಾಗಿಸಿದರೆ ಸುಮಾರು 3.8 ಬರುತ್ತದೆ. ಅಂದರೆ ಒಂದು ಮೀನಿಗೆ ಸರಾಸರಿ ನಾಲ್ಕು ಗಂಟೆಯ ತಪಸ್ಸು. ವರ್ಷ ವರ್ಷದ ಲೆಕ್ಕ ಬೇರೆ ಬೇರೆ ತೆಗೆದಾಗ ಇನ್ನೊಂದು ಸಂಗತಿ ಕಂಡಿತು. ವರ್ಷ ಕಳೆದಂತೆ ಅಷ್ಟೇ ಹೊತ್ತಿಗೆ ಹೆಚ್ಚು ಹೆಚ್ಚು ಮೀನು ಸಿಗುತ್ತಿತ್ತು. ಮೀನಿನ ಸರಾಸರಿ ತೂಕ ಮಾತ್ರ ಇಳಿಯುತ್ತಿತ್ತು. ಮರಿಗಳು ಚೆನ್ನಾಗಿ ಹುಟ್ಟಿ ಬೆಳೆಯುತ್ತಿವೆ, ಕಾವಲಿದ್ದ ಜಾಗದಲ್ಲಿ ಮೀನು ಹೆಚ್ಚುತ್ತಿದೆ ಎಂದು ಸಂತೋಷಪಡುವ ಲೆಕ್ಕ ಇದು.

ಮೊತ್ತ ಮುಚ್ಚಿಟ್ಟದ್ದನ್ನು ವಿಂಗಡಣೆ ಹೇಳಿತು

ಬ್ಯಾಂಕಿನಲ್ಲಿ ಒಂದು ಮಾತಿದೆ. ಶಾಖೆಯ ಒಟ್ಟು ಠೇವಣಿ ಏರಿದೆ ಎಂದ ಮಾತ್ರಕ್ಕೆ ನೆಮ್ಮದಿಯಾಗಿ ಕೂರಬಾರದು, ಖಾತೆ ಖಾತೆ ತೆಗೆದು ನೋಡಬೇಕು. ಹೊಸದಾಗಿ ಬಂದ ನಾಲ್ಕು ದೊಡ್ಡ ಖಾತೆಗಳ ಹಿಂದೆ ನೂರು ಹಳೆಯ ಖಾತೆಗಳು ಬರಿದಾಗಿರಬಹುದು. ಮೊತ್ತ ಅದನ್ನು ಹೇಳುವುದಿಲ್ಲ.

ಕಾವೇರಿಯಲ್ಲಿ ಆದದ್ದೂ ಇದೇ. ಅಲ್ಲಿ ಮಹಶೀರ್ ಎಂಬ ಒಂದೇ ಹೆಸರಿನ ಕೆಳಗೆ ಎರಡು ಬಗೆಯ ಮೀನುಗಳಿದ್ದವು. ಒಂದು, ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟು ಪ್ರಪಂಚದಲ್ಲಿ ಇನ್ನೆಲ್ಲೂ ಹುಟ್ಟದ ಮೀನು. ಬೆನ್ನ ಮೇಲೆ ಗೂನು, ಕಿತ್ತಳೆ ಬಣ್ಣದ ರೆಕ್ಕೆ, ಮೈಗೆ ಚಿನ್ನದ ಹೊಳಪು. ಗೂನು ಬೆನ್ನಿನ ಮಹಶೀರ್ ಎಂದು ಕರೆಯೋಣ. ಇನ್ನೊಂದು ನೀಲಿ ರೆಕ್ಕೆಯದು. ಇದು ಕಾವೇರಿಯದಲ್ಲ. ಮಹಾರಾಷ್ಟ್ರದ ಲೋಣಾವಳದಲ್ಲಿ ಇದರ ಮರಿ ಮಾಡುವ ಕೇಂದ್ರವಿದೆ. ಹೊಳೆಯಲ್ಲಿ ಮಹಶೀರ್ ಹೆಚ್ಚಲಿ ಎಂಬ ಒಳ್ಳೆಯ ಉದ್ದೇಶದಿಂದಲೇ ಇದರ ಮರಿಗಳನ್ನು ತಂದು ಕಾವೇರಿಗೆ ಬಿಡಲಾಗಿತ್ತು.

ಅದೃಷ್ಟಕ್ಕೆ, ಸಿಕ್ಕ ಮೀನು ಯಾವ ಬಗೆಯದೆಂದು ಬರೆದವರೂ ಇದ್ದರು. ವಿಜ್ಞಾನಿಗಳು ಎರಡನ್ನೂ ಬೇರೆ ಮಾಡಿ ಮತ್ತೆ ಲೆಕ್ಕ ಹಾಕಿದಾಗ ಚಿತ್ರವೇ ಬದಲಾಯಿತು. ಏರುತ್ತಿದ್ದದ್ದು ನೀಲಿ ರೆಕ್ಕೆಯದು. ಗೂನು ಬೆನ್ನಿನದು ವರ್ಷದಿಂದ ವರ್ಷಕ್ಕೆ ಇಳಿಯುತ್ತಿತ್ತು. 1990ರ ದಶಕದ ಆರಂಭದವರೆಗಿನ ಹಳೆಯ ಬರಹ, ಫೋಟೋಗಳನ್ನು ತೆಗೆದು ನೋಡಿದರೆ ಅಲ್ಲಿ ಕಾಣುವುದು ಬಹುಪಾಲು ಗೂನು ಬೆನ್ನಿನ ಮೀನೇ.

ಇಲ್ಲಿ ಒಂದು ಸೂಕ್ಷ್ಮವಿದೆ. ಗೂನು ಬೆನ್ನಿನ ಮೀನು ಸಂಖ್ಯೆಯಲ್ಲಿ ಇಳಿಯುತ್ತಿದ್ದರೂ ಸಿಕ್ಕವುಗಳ ಸರಾಸರಿ ತೂಕ ಏರುತ್ತಿತ್ತು. ಮೇಲ್ನೋಟಕ್ಕೆ ದೊಡ್ಡ ಮೀನು ಸಿಗುತ್ತಿದೆ ಎಂದು ಹಿಗ್ಗಬೇಕೆನಿಸುತ್ತದೆ. ಆದರೆ ಒಂದನೇ ತರಗತಿಗೆ ಹೊಸ ಮಕ್ಕಳೇ ಸೇರದ ಶಾಲೆಯನ್ನು ನೆನೆಸಿಕೊಳ್ಳಿ. ಅಲ್ಲಿ ಪ್ರತಿ ವರ್ಷ ಮಕ್ಕಳ ಸರಾಸರಿ ವಯಸ್ಸು ಏರುತ್ತಲೇ ಹೋಗುತ್ತದೆ. ಅದು ಶಾಲೆ ಬೆಳೆಯುತ್ತಿರುವ ಗುರುತಲ್ಲ, ಬಾಗಿಲು ಹಾಕುವ ದಿನ ಹತ್ತಿರವಾಗುತ್ತಿರುವ ಗುರುತು. ಗೂನು ಬೆನ್ನಿನ ಮೀನಿನಲ್ಲಿ ಮುದಿ ಮೀನುಗಳು ಮಾತ್ರ ಉಳಿದಿದ್ದವು, ಮರಿಗಳು ಬರುತ್ತಿರಲಿಲ್ಲ.

2018ರಲ್ಲಿ ಈ ಮೀನಿಗೆ ಖಚಿತವಾದ ವೈಜ್ಞಾನಿಕ ಹೆಸರು ಸಿಕ್ಕಿತು: ಟಾರ್ ರೆಮಾದೇವಿ. ಅದೇ ವರ್ಷ ಜಾಗತಿಕ ಕೆಂಪು ಪಟ್ಟಿಯಲ್ಲಿ ಇದನ್ನು ಅಳಿವಿನ ಅಂಚಿನಲ್ಲಿರುವ, ಅತ್ಯಂತ ಅಪಾಯದ ವರ್ಗಕ್ಕೆ ಸೇರಿಸಲಾಯಿತು. ನೂರಾರು ವರ್ಷ ಜನ ನೋಡಿದ, ಹಿಡಿದ, ಹೊಗಳಿದ ಮೀನಿಗೆ ಸರಿಯಾದ ಹೆಸರೇ ಇಲ್ಲದೆ ಅದು ಕಣ್ಮರೆಯಾಗುವ ಹಂತಕ್ಕೆ ಬಂದಿತ್ತು. ಅದನ್ನು ಗೊತ್ತು ಮಾಡಿಕೊಟ್ಟ ಸಾಕ್ಷಿಗಳಲ್ಲಿ ದೊಡ್ಡದು, ಗಾಳ ಹಾಕಿದವರು ಸಂಜೆ ಕೂತು ಬರೆದ ಸಾಲುಗಳು.

ಅಭಯಾರಣ್ಯದೊಳಗೆ ಗಾಳ ಹಾಕುವುದು ವನ್ಯಜೀವಿ ಕಾಯ್ದೆಗೆ ಹೊಂದುವುದಿಲ್ಲವೆಂದು ಆ ಶಿಬಿರಗಳಲ್ಲಿ ಈಗ ಅದು ನಿಂತಿದೆ. ಅದರೊಂದಿಗೆ ಆ ದಿನವಹಿಯೂ ನಿಂತಿತು.

ಸೊನ್ನೆಗೂ ಬೆಲೆಯಿದೆ

ನಿವೃತ್ತನಾದ ಮೇಲೆ ನಮ್ಮೂರ ಕೆರೆಯ ಏರಿಯ ಮೇಲೆ ಗಾಳ ಹಿಡಿದು ಕೂರುವುದು ನನ್ನ ಹವ್ಯಾಸ. ಕೆರೆಯ ಮೀನನ್ನು ಹರಾಜಿನಲ್ಲಿ ಹಿಡಿದವರು ಪರಿಚಯದವರು. ಒಂದೆರಡು ಮೀನಿಗೆ ಅವರ ಅಡ್ಡಿಯಿಲ್ಲ. ಬೇಸಿಗೆ ರಜೆಗೆ ಬಂದ ಮೊಮ್ಮಗನಿಗೆ ಒಂದು ನೋಟ್‌ಬುಕ್ ಕೊಟ್ಟು ಬರೆಯುವ ಕೆಲಸ ಒಪ್ಪಿಸಿದ್ದೆ. ಎರಡು ದಿನ ಖುಷಿಯಾಗಿ ಬರೆದ. ಮೂರನೆಯ ದಿನ ಬೆಳಿಗ್ಗೆ ಆರರಿಂದ ಎಂಟೂವರೆಯವರೆಗೆ ಕೂತರೂ ಒಂದೂ ಬೀಳಲಿಲ್ಲ. ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿಕೊಂಡ.

“ಯಾಕೋ, ಬರೆಯಲಿಲ್ಲ?” ಅಂದೆ.

“ಏನೂ ಸಿಗಲಿಲ್ವಲ್ಲ ತಾತ, ಏನು ಬರೀಲಿ?”

“ಸೊನ್ನೆ ಬರಿ. ಎರಡೂವರೆ ಗಂಟೆ ಅಂತಲೂ ಬರಿ.”

“ಸೊನ್ನೆ ಬರೆದ್ರೆ ನೋಡಿದೋರು ನಗ್ತಾರೆ.”

ಅವನ ಮಾತಿನಲ್ಲೇ ಎಲ್ಲರ ಮನಸ್ಸೂ ಇದೆ. ಮೀನು ಹಿಡಿಯುವವರಲ್ಲಿ ಬಹಳ ಮಂದಿ ಬರೆಯುವುದು ಸಿಕ್ಕ ದಿನ ಮಾತ್ರ. ಹಾಗೆ ಬರೆದ ಪುಸ್ತಕ ಓದಿದರೆ ಆ ಕೆರೆಯಲ್ಲಿ ಪ್ರತಿ ದಿನವೂ ಮೀನು ಸಿಗುತ್ತದೆ ಎಂದೇ ಅನಿಸುತ್ತದೆ. ಮೀನು ಪೂರ್ತಿ ತೀರಿಹೋಗುವ ಹಿಂದಿನ ದಿನದವರೆಗೂ ಹಾಗೇ ಅನಿಸುತ್ತದೆ. ಏಕೆಂದರೆ ಬರಿಗೈಯ ದಿನಗಳು ಅದರಲ್ಲಿ ಇಲ್ಲವೇ ಇಲ್ಲ. ಖರ್ಚು ಬರೆಯದೆ ಜಮಾ ಮಾತ್ರ ಬರೆದ ಲೆಕ್ಕ ಅದು. ಶಿಲ್ಕು ಎಂದಿಗೂ ತಾಳೆಯಾಗುವುದಿಲ್ಲ.

ಅವನಿಗೆ ಅಲ್ಲೇ ಒಂದು ಲೆಕ್ಕ ಕೊಟ್ಟೆ. ಒಬ್ಬಾತ ಹೋದ ವರ್ಷ 100 ಗಂಟೆ ಗಾಳ ಹಾಕಿ 40 ಮೀನು ಹಿಡಿದ. ಈ ವರ್ಷ 180 ಗಂಟೆ ಹಾಕಿ 45 ಹಿಡಿದ. ಕೆರೆಯಲ್ಲಿ ಮೀನು ಹೆಚ್ಚಿತೋ, ಕಡಿಮೆಯಾಯಿತೋ? “ಐದು ಹೆಚ್ಚಾಯ್ತು” ಎಂದು ಥಟ್ಟನೆ ಹೇಳಿದವನು ಭಾಗಾಕಾರ ಮಾಡಿ ನೋಡಿ ಸುಮ್ಮನಾದ. ಮೊದಲು ಎರಡೂವರೆ ಗಂಟೆಗೆ ಒಂದು ಸಿಗುತ್ತಿದ್ದ ಮೀನಿಗೆ ಈಗ ನಾಲ್ಕು ಗಂಟೆ ಕಾಯಬೇಕು. ಬುಟ್ಟಿ ತುಂಬಿದಂತೆ ಕಂಡರೂ ಕೆರೆ ಬರಿದಾಗುತ್ತಿದೆ. ಗಂಟೆ ಬರೆಯದಿದ್ದರೆ, ಸೊನ್ನೆ ಬರೆಯದಿದ್ದರೆ ಇದು ಗೊತ್ತಾಗುವ ದಾರಿಯೇ ಇಲ್ಲ. ಅವನು ಚೀಲದಿಂದ ಪುಸ್ತಕ ತೆಗೆದು ಸೊನ್ನೆ ಬರೆದ. ದುಂಡಗೆ, ಎರಡು ಸಲ ತಿದ್ದಿ ಬರೆದ.

ಪುಸ್ತಕದಲ್ಲಿ ಏನೇನಿರಬೇಕು?

ಇದಕ್ಕೆ ದುಬಾರಿ ಪುಸ್ತಕ ಬೇಡ. ಗಟ್ಟಿ ರಟ್ಟಿನ ನೂರು ಪುಟದ ನೋಟ್‌ಬುಕ್ ಸಾಕು. ಪೆನ್ ಬದಲು ಪೆನ್ಸಿಲ್ ಒಳ್ಳೆಯದು. ನೀರು ತಾಗಿದರೂ ಅಕ್ಷರ ಹರಡುವುದಿಲ್ಲ. ಪುಟವನ್ನು ಅಡ್ಡಲಾಗಿ ಹಿಡಿದು ಈ ಕಾಲಂಗಳನ್ನು ಗೆರೆ ಹಾಕಿಕೊಳ್ಳಿ:

ತಾರೀಖು ಮತ್ತು ಜಾಗ. “ಕೆರೆ” ಎಂದಷ್ಟೇ ಬರೆದರೆ ಸಾಲದು. ತೂಬಿನ ಹತ್ತಿರವೋ, ಕೋಡಿಯ ಬಳಿಯೋ ಬರೆಯಿರಿ.

ಶುರು ಮಾಡಿದ ಹೊತ್ತು, ಮುಗಿಸಿದ ಹೊತ್ತು. ಇದೇ ಎಲ್ಲಕ್ಕಿಂತ ಮುಖ್ಯವಾದ ಕಾಲಂ.

ಎಷ್ಟು ಗಾಳ. ಇಬ್ಬರು ಒಂದೊಂದು ಗಾಳ ಹಾಕಿ ಎರಡು ಗಂಟೆ ಕೂತರೆ ಅದು ನಾಲ್ಕು ಗಂಟೆಯ ಲೆಕ್ಕ.

ಎರೆ ಯಾವುದು. ಎರೆಹುಳವೋ, ರಾಗಿ ಉಂಡೆಯೋ, ಮೈದಾ ಹಿಟ್ಟೋ.

ಮೀನಿನ ಬಗೆ. ಪ್ರತಿ ಬಗೆಗೂ ಬೇರೆ ಸಾಲು. ಎಲ್ಲವನ್ನೂ ಸೇರಿಸಿ “ಮೀನು 6” ಎಂದು ಬರೆಯಬೇಡಿ. ಕಾವೇರಿಯ ಪಾಠ ನೆನಪಿರಲಿ.

ಉದ್ದ ಮತ್ತು ತೂಕ. ಉದ್ದವನ್ನು ಬಾಯಿಯ ತುದಿಯಿಂದ ಬಾಲ ಎರಡಾಗಿ ಕವಲೊಡೆಯುವ ಜಾಗದವರೆಗೆ ಅಳೆಯಿರಿ. ಬಾಲದ ತುದಿ ಹರಿದಿರಬಹುದು, ಕವಲಿನ ಜಾಗ ಹಾಗೇ ಇರುತ್ತದೆ. ಪ್ರತಿ ಸಲವೂ ಒಂದೇ ರೀತಿ ಅಳೆಯುವುದು ಮುಖ್ಯ.

ಬಿಟ್ಟದ್ದೋ, ತಂದದ್ದೋ. ಸಣ್ಣ ಮರಿಯನ್ನು ಬಿಡುವುದಾದರೆ ಕೈ ಒದ್ದೆ ಮಾಡಿಕೊಂಡು ಹಿಡಿಯಿರಿ. ಒಣ ಕೈಯಲ್ಲಿ ಹಿಡಿದರೆ ಅದರ ಮೈಮೇಲಿನ ಲೋಳೆ ಕಿತ್ತುಬಂದು ಮೀನಿಗೆ ರೋಗ ತಗಲುತ್ತದೆ.

ಕೊನೆಯದು ಷರಾ. ಮೋಡವಿತ್ತೆ, ಮಳೆ ಬಂದಿತ್ತೆ, ನೀರು ಕದಡಿತ್ತೆ, ಯಾವ ಕಲ್ಲಿನವರೆಗೆ ನೀರಿತ್ತು, ಹೊಸ ಹಕ್ಕಿ ಕಂಡಿತೆ, ಸತ್ತ ಮೀನು ತೇಲುತ್ತಿತ್ತೆ. ಹತ್ತು ವರ್ಷದ ಮೇಲೆ ಓದಿದಾಗ ಹೆಚ್ಚು ಮಾತಾಡುವುದು ಈ ಕಾಲಂ.

ಬರೆಯುವುದನ್ನು ಮನೆಗೆ ಹೋದ ಮೇಲೆ ಎಂದು ಮುಂದೂಡಬೇಡಿ. ಕ್ಯಾಷ್ ಕೌಂಟರಿನಲ್ಲಿ ಹಣ ಎಣಿಸಿ, ಸಂಜೆ ಮನೆಯಲ್ಲಿ ಕೂತು ನೆನಪಿನಿಂದ ಬರೆಯುತ್ತೇನೆ ಎಂದರೆ ಯಾವ ಮ್ಯಾನೇಜರೂ ಒಪ್ಪುವುದಿಲ್ಲ. ಮೀನಂತೂ ದಾರಿಯಲ್ಲಿ ನಡೆಯುತ್ತಾ ನಡೆಯುತ್ತಾ ಬೆಳೆಯುವ ಪ್ರಾಣಿ. ದಂಡೆಯಲ್ಲಿ ಗೇಣುದ್ದವಿದ್ದದ್ದು ಮನೆ ಬಾಗಿಲಿಗೆ ಬರುವಾಗ ಮೊಳವಾಗಿರುತ್ತದೆ!

ಹೆಸರು ಗೊತ್ತಿಲ್ಲದಿದ್ದರೆ ಬಿಡಬೇಡಿ. ಊರಲ್ಲಿ ಕರೆಯುವ ಹೆಸರನ್ನೇ ಬರೆದು ಪಕ್ಕಕ್ಕೆ ಮಲಗಿಸಿದ ಮೀನಿನ ಒಂದು ಫೋಟೋ ತೆಗೆದಿಡಿ. ನಮ್ಮಲ್ಲಿ ಒಂದೇ ಮೀನಿಗೆ ಊರೂರಿಗೆ ಹೆಸರು ಬೇರೆ. ತುಳುವಿನ ಬೂತಾಯಿಯೇ ಕುಂದಾಪುರದ ಕಡೆಯ ಬೈಗೆ, ಕೊಂಕಣಿಗರ ತಾರ್ಲೆ. ಫೋಟೋ ಇದ್ದರೆ ಮುಂದೆ ತಿಳಿದವರು ಗುರುತಿಸುತ್ತಾರೆ. ನಮ್ಮ ಬಯಲುಸೀಮೆಯ ಕೆರೆಗಳಲ್ಲಿ ಜಿಲೇಬಿ ಎಂದು ಕರೆಯುವ ತಿಲಾಪಿಯ ಮೀನು ಕೂಡ ಆಫ್ರಿಕದಿಂದ ಬಂದದ್ದು. 1952ರಲ್ಲಿ ಅದನ್ನು ಭಾರತಕ್ಕೆ ತಂದರು. ನಿಮ್ಮ ಕೆರೆಯಲ್ಲಿ ಹತ್ತು ಮೀನಿಗೆ ಜಿಲೇಬಿ ಎಷ್ಟು, ಗೆಂಡೆ ಎಷ್ಟು ಎಂಬ ಲೆಕ್ಕ ನಿಮ್ಮ ಪುಸ್ತಕದಲ್ಲಿದ್ದರೆ ಅದು ಸಣ್ಣ ಆಸ್ತಿಯಲ್ಲ.

ಗಾಳ ಹಿಡಿಯದವರಿಗೂ ಕೆಲಸವಿದೆ

ಸಮುದ್ರದ ಮೀನಿಗೂ ಇಂಥ ಲೆಕ್ಕ ಇಡುವವರಿದ್ದಾರೆ. 1947ರಲ್ಲಿ ಆರಂಭವಾದ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಸಿಬ್ಬಂದಿ ದೇಶದ ಕರಾವಳಿಯ ಮೀನು ಇಳಿಸುವ ಧಕ್ಕೆಗಳಿಗೆ ಹೋಗುತ್ತಾರೆ. ಬಂದ ಎಲ್ಲ ದೋಣಿಗಳ ಮೀನನ್ನೂ ತೂಗುವುದು ಸಾಧ್ಯವಿಲ್ಲ. ಹಾಗಾಗಿ ದೋಣಿಗಳೆಷ್ಟು ಬಂದವೆಂದು ಎಣಿಸಿ, ಅವುಗಳಲ್ಲಿ ಕೆಲವನ್ನು ಆರಿಸಿ, ಯಾವ ಮೀನು ಎಷ್ಟು, ಎಷ್ಟು ಹೊತ್ತು ಬಲೆ ಹಾಕಿದ್ದರು ಎಂದು ಬರೆದುಕೊಳ್ಳುತ್ತಾರೆ. ಅನ್ನ ಬೆಂದಿದೆಯೇ ಎಂದು ಅಗುಳು ಹಿಚುಕಿ ನೋಡಿದ ಹಾಗೆ. ಈ ಬರಹಗಳಿಂದಲೇ ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಸಿಕ್ಕಿದ್ದ ಬೂತಾಯಿ 2021ರಲ್ಲಿ 3,297 ಟನ್‌ಗೆ ಕುಸಿಯಿತೆಂದು ಗೊತ್ತಾದದ್ದು. ಅಡುಗೆ ಮನೆಯಲ್ಲಿ “ಈಚೆಗೆ ಬೂತಾಯಿ ಕಾಣ್ತಾನೇ ಇಲ್ಲ” ಎಂದು ಹೇಳುವುದಕ್ಕೂ ಈ ಅಂಕಿಗೂ ಇರುವ ಅಂತರವೇ ದಾಖಲೆಯ ಬೆಲೆ.

ಮಲ್ಪೆ, ಗಂಗೊಳ್ಳಿ, ಕಾರವಾರಗಳ ಹತ್ತಿರ ಮನೆಯಿರುವ ಮಕ್ಕಳು ನೀರಿಗೆ ಇಳಿಯದೆಯೇ ಪುಸ್ತಕ ಇಡಬಹುದು. ಅಮ್ಮನೋ ಅಜ್ಜಿಯೋ ಮೀನು ಮಾರುಕಟ್ಟೆಗೆ ಹೋಗುವಾಗ ಜೊತೆಗೆ ಹೋಗಿ. ಆ ದಿನ ಬುಟ್ಟಿಗಳಲ್ಲಿ ಯಾವ ಯಾವ ಮೀನಿತ್ತು, ಬಂಗುಡೆ ಅಂಗೈಯಷ್ಟಿತ್ತೋ ಮೊಳಕೈಯಷ್ಟಿತ್ತೋ, ರೂಪಾಯಿ ನೂರಕ್ಕೆ ಎಷ್ಟು ಕೊಟ್ಟರು ಎಂದು ಬರೆಯಿರಿ. ಮೀನು ಮಾರುವ ಅಕ್ಕನನ್ನು ಕೇಳಿದರೆ ಹೆಸರು ಹೇಳಿಕೊಡುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆ ಎರಡು ತಿಂಗಳು ಬುಟ್ಟಿಯಲ್ಲಿ ಏನು ಬದಲಾಗುತ್ತದೆ, ಆಗಸ್ಟಿನಲ್ಲಿ ಏನು ಮರಳಿ ಬರುತ್ತದೆ ಎಂದು ನೋಡುವುದೇ ಒಂದು ಸ್ವಾರಸ್ಯ. ಮಾರುಕಟ್ಟೆಗೆ ಹೋದರೂ ನೀವು ಹುಡುಕಿದ ಮೀನು ಇಲ್ಲದ ದಿನ? ಸೊನ್ನೆ ಬರೆಯಿರಿ.

ದೊಡ್ಡವರಿಗೆ ಒಂದು ಮಾತು. ಮಕ್ಕಳು ನೀರಿನ ಹತ್ತಿರ ಹೋಗುವಾಗ ಜೊತೆಗೆ ನೀವೂ ಇರಬೇಕು. ಅಭಯಾರಣ್ಯದಲ್ಲಿ, ದೇವಸ್ಥಾನದ ಮೀನಿರುವ ಹೊಳೆಯಲ್ಲಿ ಗಾಳ ಹಾಕುವಂತಿಲ್ಲ. ಕೆರೆಯಾದರೆ ಗುತ್ತಿಗೆ ಹಿಡಿದವರನ್ನು ಕೇಳಿಕೊಂಡೇ ಹಾಕಿ. ಆದರೆ ದೇವಸ್ಥಾನದ ಮೆಟ್ಟಿಲ ಮೇಲೆ ಕೂತು, ಅರ್ಧ ಗಂಟೆಯಲ್ಲಿ ಎಷ್ಟು ದೊಡ್ಡ ಮೀನು ಕಂಡವು, ಎಷ್ಟು ಮರಿಗಳು ಕಂಡವು ಎಂದು ಬರೆದುಕೊಳ್ಳುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಮರಿ ಕಾಣುತ್ತವೆಯೇ ಎಂಬುದೇ ಕೇಳಬೇಕಾದ ಮೊದಲ ಪ್ರಶ್ನೆ ಎಂದು ಗೂನು ಬೆನ್ನಿನ ಮೀನು ನಮಗೆ ಹೇಳಿಕೊಟ್ಟಿದೆ.

ಒಂದು ವರ್ಷದ ಪುಸ್ತಕದಿಂದ ಏನೂ ತಿಳಿಯುವುದಿಲ್ಲ. ಮೂರು ವರ್ಷಕ್ಕೆ ಅಲ್ಪಸ್ವಲ್ಪ ಕಾಣುತ್ತದೆ. ಹತ್ತು ವರ್ಷವಾದರೆ ನಿಮ್ಮ ಊರಿನ ನೀರಿನ ಬಗ್ಗೆ ಬೇರೆ ಯಾರ ಹತ್ತಿರವೂ ಇಲ್ಲದ ಲೆಕ್ಕ ನಿಮ್ಮ ಕೈಯಲ್ಲಿರುತ್ತದೆ. ಹತ್ತು ವಯಸ್ಸಿಗೆ ಶುರು ಮಾಡಿದ ಹುಡುಗಿಗೆ ಆಗ ಇಪ್ಪತ್ತು. ಅಷ್ಟರಲ್ಲಿ ಕೆರೆಗೆ ಹೊಸ ಮೀನು ಬಿಟ್ಟಿರಬಹುದು, ಹೂಳು ತುಂಬಿರಬಹುದು, ಕಾರ್ಖಾನೆಯ ನೀರು ಸೇರಿರಬಹುದು. ಮೊದಲು ಹೇಗಿತ್ತು ಎಂದು ಯಾರಾದರೂ ಕೇಳಿದಾಗ “ನೆನಪಿಲ್ಲ” ಎನ್ನದೆ ಪುಸ್ತಕ ತೆಗೆದು ತೋರಿಸಬಹುದು.

ವರ್ಷದ ಕೊನೆಗೆ ಲೆಕ್ಕ ಮುಗಿಸುವುದನ್ನು ಮರೆಯಬೇಡಿ. ಒಟ್ಟು ಗಂಟೆ ಎಷ್ಟು, ಪ್ರತಿ ಬಗೆಯ ಮೀನು ಎಷ್ಟು, ಒಂದು ಮೀನಿಗೆ ಎಷ್ಟು ಗಂಟೆ, ಸರಾಸರಿ ಉದ್ದವೆಷ್ಟು. ಇಷ್ಟನ್ನು ಕೊನೆಯ ಪುಟದಲ್ಲಿ ಬರೆದು ತಾರೀಖು ಹಾಕಿ, ಸಹಿ ಮಾಡಿ. ಮುಂದಿನ ಪುಟದಿಂದ ಹೊಸ ವರ್ಷದ ಖಾತೆ ತೆರೆಯಿರಿ.